ಹೊನ್ನಾಳಿ ರಸ್ತೆಯಲ್ಲಿ ಕೇಳಿದ ಕೈಪಂಪಿನ ಸದ್ದು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಗುತ್ತಿದ್ದವಳು ನಾನು. ಶಾಲೆಯಲ್ಲಿ ವಿಜ್ಞಾನ ಕಲಿಸುವವಳು ಬೇರೆ. ದೆವ್ವ, ಪವಾಡ ಎಂದರೆ ಈಗಲೂ ನಂಬಿಕೆಯಿಲ್ಲ. ಆದರೆ ಆ ಒಂದು ಬೆಳಗಿನ ಮಾತು ಬಂದಾಗ ನಗು ಬರುವುದಿಲ್ಲ.

ನಮ್ಮದು ಜಗಳೂರು. ಅಪ್ಪ ಮತ್ತು ಅವರ ಗೆಳೆಯ, ನ್ಯಾಮತಿಯ ಖಾಜಾ ಮಾಮ ಸೇರಿ ಒಂದು ಹಳೆಯ ಲಾರಿ ಇಟ್ಟಿದ್ದರು. ಓಡಿಸುವುದು ಅಪ್ಪ, ರಿಪೇರಿ ಮಾಮನದು. ಚಳಿಗಾಲ ಬಂತೆಂದರೆ ಮಾಮ ಎಚ್ಚರಿಸುತ್ತಿದ್ದರು: "ಟ್ಯಾಂಕ್ ಅರ್ಧ ಬಿಡಬ್ಯಾಡ್ರಿ ಅಣ್ಣ, ತಂಡಿಗೆ ಒಳಗೆ ನೀರು ಕೂರತೈತೆ." ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿಕೊಂಡರೆ ಫಿಲ್ಟರಿನ ಸ್ಕ್ರೂ ಸಡಿಲಿಸಿ, ಗಾಳಿ ಹೊರಬೀಳುವ ತನಕ ಇಂಜಿನ್ ಪಕ್ಕದ ಪುಟ್ಟ ಕೈಪಂಪು ಒತ್ತುತ್ತಿದ್ದರು. ಎರಡು ಸಲ ಬೇಗಬೇಗ, ಆಮೇಲೊಂದು ನಿಧಾನ. ಅವರು ಒತ್ತುವ ರೀತಿಯೇ ಹಾಗೆ. ಲಾರಿಯ ಸುತ್ತ ಆಡಿ ಬೆಳೆದ ನನಗೆ ಆ ಸದ್ದು ಎಲ್ಲಿದ್ದರೂ ಗುರುತು ಸಿಗುತ್ತಿತ್ತು.

ವಯಸ್ಸಾದ ಮೇಲೆ ಮಾಮ ಹಾಸಿಗೆ ಹಿಡಿದರು. ಒಂದು ಡಿಸೆಂಬರಿನಲ್ಲಿ ಅವರ ಹೆಂಡತಿ ಫೋನ್ ಮಾಡಿ, "ಗಾಡಿ, ಗಾಡಿ ಅಂತಾರೆ ಅಣ್ಣ. ಒಂದ್ಸಲ ತಂದು ತೋರಿಸ್ರಿ, ತಡ ಮಾಡಬ್ಯಾಡ್ರಿ" ಅಂದರು.

ನಸುಕಿನಲ್ಲೇ ಅಪ್ಪನ ಜೊತೆ ನಾನೂ ಹೊರಟೆ. ಹೊನ್ನಾಳಿ ಇನ್ನೂ ಮುಂದಿರುವಾಗ, ಬೆಳಗಿನ ಮಂಜಿನಲ್ಲಿ ಇಂಜಿನ್ ಮುಗ್ಗರಿಸಿ ನಿಂತಿತು. ಅಪ್ಪ ಫಿಲ್ಟರಿನ ತಳದಲ್ಲಿದ್ದ ನೀರು ಬಸಿದರು. ಆಮೇಲೆ ಒಳಸೇರಿದ ಗಾಳಿ ಹೋಗಲೆಂದು ಸ್ಕ್ರೂ ಸಡಿಲಿಸಿ ಎಷ್ಟು ಪಂಪು ಒತ್ತಿದರೂ ಅದರ ಬಾಯಲ್ಲಿ ಬರೀ ನೊರೆ. ಅವರ ಬೆರಳು ಮರಗಟ್ಟಿದವು. ನಾನೂ ಒತ್ತಿ ಸೋತೆ.

"ನಾವು ಹೋಗೋದ್ರೊಳಗೆ ಅವನು ಹೋಗಿಬಿಟ್ರೆ ಹೆಂಗವ್ವ?" ಎಂದು ಅಪ್ಪ ಕಣ್ಣೊರೆಸಿಕೊಂಡರು. ಸ್ಕ್ರೂ ಸಡಿಲವಿದ್ದಂತೆಯೇ ಬಿಟ್ಟು, ಯಾವುದಾದರೂ ಬಸ್ಸು ಬಂದೀತೆಂದು ಇಬ್ಬರೂ ಲಾರಿಯ ಹಿಂದೆ ಹೋಗಿ ನಿಂತೆವು.

ಆಗ ಕೇಳಿಸಿತು. ಎರಡು ಬೇಗ, ಒಂದು ನಿಧಾನ. ಮತ್ತೆ ಹಾಗೆಯೇ. ಅಪ್ಪ ನನ್ನ ಮುಖ ನೋಡಿದರು. ಓಡಿ ಮುಂದೆ ಬಂದರೆ ಯಾರೂ ಇಲ್ಲ. ಸ್ಕ್ರೂ ಬಿಗಿಯಾಗಿತ್ತು. ಅದರ ಸುತ್ತ ಆಗಷ್ಟೇ ಚೆಲ್ಲಿದ ಡೀಸೆಲ್, ಒಂದು ಗುಳ್ಳೆಯೂ ಇಲ್ಲ. ಅಪ್ಪ ಹತ್ತಿ ಕೀಲಿ ತಿರುಗಿಸಿದರು. ಲಾರಿ ಒಮ್ಮೆಗೇ ಚಾಲೂ ಆಯಿತು.

ಮಾಮ ತೀರಿಕೊಂಡರೆಂದೇ ದಾರಿಯುದ್ದಕ್ಕೂ ಅಂದುಕೊಂಡಿದ್ದೆ. ನ್ಯಾಮತಿ ತಲುಪಿದಾಗ, ಹಾರ್ನ್ ಕೇಳಿ ಎದ್ದು ಗೋಡೆಗೊರಗಿ ಕೂತಿದ್ದರು! ಅವರ ಹೆಂಡತಿ ನನ್ನನ್ನು ಪಕ್ಕಕ್ಕೆ ಕರೆದು, "ಬೆಳಿಗ್ಗೆ ನಿದ್ದೆಗಣ್ಣಾಗೆ ಮಂಚದ ಪಟ್ಟಿ ಒಂದೇ ಸಮ ಒತ್ತತಿದ್ರು ಕಣಮ್ಮ, ಎಬ್ಬಿಸಿದ್ರೂ ಏಳ್ಲಿಲ್ಲ" ಅಂದರು.

ಅಪ್ಪ ಮಾಮನನ್ನು ಎತ್ತಿ ತಂದು ಕ್ಯಾಬಿನ್ನಿನಲ್ಲಿ ಕೂರಿಸಿದರು. ಗೆಳೆಯರಿಬ್ಬರೂ ಚಹಾ ಕುಡಿಯುತ್ತ ಹಳೆಯ ಟ್ರಿಪ್ಪುಗಳನ್ನೆಲ್ಲ ನೆನೆದು ನಕ್ಕರು. ನಡುವೆ ಮಾಮ, "ಬರೋವಾಗ ಗಾಡಿ ಏನಾರ ತೊಂದ್ರೆ ಕೊಡ್ತೇನ್ರಿ?" ಎಂದು ಕೇಳಿದರು.

"ಏನಿಲ್ಲ ಬಿಡು" ಅಂದರು ಅಪ್ಪ.

ಮುಂದೆ ಬಂದ ಬೇಸಿಗೆಯನ್ನು ಮಾಮ ಕಾಣಲಿಲ್ಲ. ಅಪ್ಪನೂ ಈಗಿಲ್ಲ. ದಾರಿಹೋಕರು ಯಾರೋ ಬಂದು ಮಾಡಿರಬೇಕೆಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಆದರೆ ಒಂದು ಹೆಜ್ಜೆ ಸದ್ದೂ ಕೇಳಲಿಲ್ಲವಲ್ಲ? ಅಂದು ವಾಪಸ್ ಬರುವಾಗ, ಮಾಮನಿಗೆ ಯಾಕೆ ಹೇಳಲಿಲ್ಲವೆಂದು ಅಪ್ಪನನ್ನು ಕೇಳಿದ್ದೆ.

"ಅವನಿಗೆ ಗೊತ್ತಿಲ್ಲ ಅಂದ್ರೆ ಹೆದರ್ತಾನೆ. ಗೊತ್ತಿದ್ರೆ ಹೇಳೋದೇನೈತೆ?" ಅಂದರು. ಅಷ್ಟರಾಚೆಗೆ ನನಗೂ ಏನೂ ತಿಳಿದಿಲ್ಲ.