ಏಳನೇ ಮನೆಯ ಕುಜ

ಮಂಗಳ ಗ್ರಹದ ಕಲ್ಲಿನ ಬಗ್ಗೆ ಬರೆಯುವುದರಲ್ಲೇ ನನ್ನ ಅರ್ಧ ಆಯುಷ್ಯ ಕಳೆದಿದೆ. ಅಲ್ಲಿ ಲಾವಾ ಹೇಗೆ ಹರಿಯಿತು, ಹೇಗೆ ಆರಿತು ಎನ್ನುವುದು ನನ್ನ ವಿಷಯ. ನೌಕೆಗಳು ಕಳಿಸಿದ ಚಿತ್ರಗಳನ್ನು, ತೊಂಡೇಬಾವಿ ಕಡೆ ಬಂಡೆಗಳ ನಡುವೆ ಗೋಡೆಯಂತೆ ಎದ್ದಿರುವ ಕರಿಕಲ್ಲಿನ ಜೊತೆ ಹೋಲಿಸಿ ಬರೆದ ಪ್ರಬಂಧ ಹೊರದೇಶಗಳಲ್ಲೂ ಓಡಾಡಿತು. ಬೇರೆ ವಿದ್ವಾಂಸರು ಅದನ್ನು ಉಲ್ಲೇಖಿಸಿದರೆ ಹಿಗ್ಗುತ್ತೇನೆ, ಸುಳ್ಳೇಕೆ ಹೇಳಲಿ. ಆದರೆ ಶಿಡ್ಲಘಟ್ಟದ ಜೋಯಿಸರೊಬ್ಬರು ಉಲ್ಲೇಖಿಸುತ್ತಾರೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಮೇಲೂರಿನಲ್ಲಿರುವ ನನ್ನ ತಂಗಿಯ ಮಗಳಿಗೆ ಚಿಂತಾಮಣಿಯಿಂದ ಸಂಬಂಧ ಬಂದಿತ್ತು. ಹುಡುಗಿ ಗೌರಿಬಿದನೂರಿನಲ್ಲಿ ಹೈಸ್ಕೂಲ್ ಮೇಡಂ. ಹುಡುಗ ಬಂದು ನೋಡಿಕೊಂಡು ಹೋದ, ಇವಳಿಗೂ ಹಿಡಿಸಿದ. ಇಬ್ಬರೂ ಫೋನಿನಲ್ಲಿ ಮಾತು ಶುರು ಮಾಡಿದ್ದರು. ಅಷ್ಟರಲ್ಲಿ ಜಾತಕ ಜೋಯಿಸರ ಕೈಗೆ ಹೋಯಿತು. ಹುಡುಗಿಗೆ ಏಳನೇ ಮನೆಯಲ್ಲಿ ಕುಜ, ಕುಜದೋಷ, ಗಂಡನಿಗೆ ಆಗಿಬರುವುದಿಲ್ಲ ಎಂದುಬಿಟ್ಟರು. ಅಷ್ಟಕ್ಕೇ ಬಿಟ್ಟಿದ್ದರೆ ಹಲ್ಲು ಕಚ್ಚಿಕೊಂಡು ಸುಮ್ಮನಿರುತ್ತಿದ್ದೆನೋ ಏನೋ. ಪೇಪರಿನಲ್ಲಿ ಬಂದಿದ್ದ ನನ್ನ ಸಂಶೋಧನೆಯ ಸುದ್ದಿಯನ್ನು ಗಂಡಿನವರ ಮುಂದೆ ಹಿಡಿದು, "ನೋಡ್ರಪ್ಪಾ, ಕುಜನ ಮೈಯೆಲ್ಲಾ ಬೆಂಕಿ ಅಂತ ಹುಡುಗಿ ದೊಡ್ಡಮ್ಮನೇ ಬರ್ದವ್ರೆ" ಎಂದರಂತೆ. ತಲೆಬರಹ ದಾಟಿ ಕೆಳಗಿನ ಎರಡು ಸಾಲು ಓದುವ ವ್ಯವಧಾನವೂ ಆ ಮನುಷ್ಯನಿಗಿರಲಿಲ್ಲ.

ನನಗೆ ಮೈ ಉರಿದುಹೋಯಿತು. ತಂಗಿ ಬೇಡವೆಂದರೂ ಕೇಳದೆ ಚಿಂತಾಮಣಿಗೆ ಹೋದೆ.

ಹುಡುಗನ ತಾಯಿ ಕಾಫಿ ಕೊಟ್ಟು ಚೆನ್ನಾಗಿಯೇ ಮಾತನಾಡಿಸಿದರು. ಹುಡುಗ ಸೋಫಾದ ತುದಿಯಲ್ಲಿ ಮೊಬೈಲ್ ನೋಡುತ್ತ ಕೂತಿದ್ದ. ಗ್ರಹವೆಂದರೆ ಕಲ್ಲು ಮಣ್ಣು, ಅದು ಯಾರ ಗಂಡನ ತಂಟೆಗೂ ಬರುವುದಿಲ್ಲ ಎಂದೆ. ಆಕೆ ತಲೆಯಾಡಿಸಿದರು, ಅಷ್ಟೆ. ನಾನು ದನಿ ಏರಿಸಿದೆ.

"ನಾನು ಬರ್ದಿರೋ ಬೆಂಕಿ ಆರಿಹೋಗಿ ಯಾವ ಕಾಲ ಆಯ್ತೋ! ಈಗ ಅಲ್ಲಿರೋದು ತಣ್ಣಗಿರೋ ಕಲ್ಲು."

ಆಕೆಯ ಮುಖ ಅರಳಿತು. "ಅಯ್ಯೋ ದೇವುಡಾ, ಆರೋಗಿದ್ಯಾ? ಹಂಗಂತ ಒಂದು ಕಾಗದ ಬರ್ದು ಸೈನ್ ಮಾಡಿ ಕೊಟ್ಬಿಡಿ ಅಮ್ಮ. ಜೋಯಿಸರಿಗೆ ತೋರ್ಸಿ ನಾನು ಒಪ್ಪಿಸ್ತೀನಿ."

ನಾನು ಹುಡುಗನ ಕಡೆ ನೋಡಿದೆ. ಇಂಜಿನಿಯರಿಂಗ್ ಓದಿದ ಮಹಾಶಯ. ತಲೆ ಎತ್ತಲಿಲ್ಲ.

ಮೇಲೂರಿಗೆ ಬಂದಾಗ ತಂಗಿ ನನ್ನ ಕೈ ಹಿಡಿದುಕೊಂಡಳು. "ಸುಳ್ಳೇನೂ ಅಲ್ವಲ್ಲಕ್ಕ. ಬರ್ದುಕೊಟ್ರೆ ನಿನ್ ಗಂಟೇನು ಹೋಗುತ್ತೆ? ಮಗು ಮದ್ವೆ ಆಗೋಗುತ್ತೆ." ಸುಳ್ಳಲ್ಲ, ನಿಜ. ಆ ಮಾತು ನನ್ನ ಪ್ರಬಂಧದಲ್ಲೇ ಇದೆ. ಜೋಯಿಸರನ್ನೂ ಆ ಮನೆಯವರನ್ನೂ ಒಟ್ಟಿಗೆ ಬೈದುಕೊಳ್ಳುತ್ತ ಬರೆದೆ: ಮಂಗಳನ ಬಯಲುಗಳಲ್ಲಿ ಲಾವಾ ಆರಿ ಕಲ್ಲಾಗಿ ಬಹಳ ಕಾಲವಾಗಿದೆ. ಕೆಳಗೆ ಸಹಿ ಹಾಕಿದೆ. ಒಂದಕ್ಷರ ತಪ್ಪಿಲ್ಲದಿದ್ದರೂ ಆ ಕಾಗದ ನೋಡಿದರೆ ಅಸಹ್ಯವಾಗುತ್ತಿತ್ತು.

ಶನಿವಾರ ಶಾಲೆ ಮುಗಿಸಿಕೊಂಡು ಬಂದ ಹುಡುಗಿ ಅದನ್ನು ಓದಿದಳು. ಮೊದಲು ಕೇಳಿದ್ದು ಬೇರೆಯೇ.

"ಅವ್ರು ಏನಂದ್ರು ದೊಡ್ಡಮ್ಮ?"

"ಯಾರು, ಹುಡುಗನಾ? ಬಾಯೇ ಬಿಡ್ಲಿಲ್ಲ ಕಣಮ್ಮ."

ಕಾಗದವನ್ನು ನನ್ನ ಮುಂದೆ ಹಿಡಿದಳು. ಕಣ್ಣು ತುಂಬಿತ್ತು. "ನಂಗೆ ದೋಷ ಇಲ್ಲ ಅಂತ ಇದ್ರಲ್ಲಿ ಎಲ್ಲಿದೆ? ಇತ್ತು, ಈಗ ಆರೋಗಿದೆ ಅಂತ ತಾನೇ ಅವ್ರು ಓದ್ಕೊಳೋದು. ನಾಳೆ ಮಗನಿಗೆ ಜ್ವರ ಬಂದ್ರೂ, ಮತ್ತೆ ಹತ್ಕೊಂಡ್ತು ಅಂತಾರೆ."

ನನಗೆ ಹೊಳೆಯದೇ ಹೋದ ಮಾತು ಅದು. ಕಾಗದ ಕಿತ್ತುಕೊಂಡು ಹರಿದುಹಾಕಿದೆ. ಇನ್ನೊಂದರಲ್ಲಿ ಬರೆದೆ: ಈ ಹುಡುಗಿಗೆ ಯಾವ ದೋಷವೂ ಇಲ್ಲ, ಯಾವತ್ತೂ ಇರಲಿಲ್ಲ. ತಂಗಿ ಬೇಡ ಬೇಡವೆಂದು ಅಡ್ಡ ಬಂದಳು. ಹುಡುಗಿಯೇ ಅದರ ಫೋಟೋ ತೆಗೆದು ಹುಡುಗನ ಮೊಬೈಲಿಗೆ ಕಳಿಸಿದಳು.

ಅವನು ನೋಡಿದ ಗುರುತು ಆಗಲೇ ಬಂತು. ಉತ್ತರ ಇವತ್ತಿಗೂ ಬಂದಿಲ್ಲ. ತಂಗಿ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಬಿಡಲಿ. ಪ್ರಬಂಧಗಳಲ್ಲಿ ನಾನು 'ಇರಬಹುದು', 'ತೋರುತ್ತದೆ' ಎಂದು ಪ್ರತಿ ಸಾಲಿಗೂ ಬಾಲ ಅಂಟಿಸುವವಳು. ಈ ಸಾಲಿಗೆ ಅಂಟಿಸಬೇಕಾದ್ದು ಏನೂ ಇಲ್ಲ.