ಮುತ್ತವ್ವ ಆರಿಸಿದ ಮಷೀನು

ಇಳಕಲ್ಲಿನ ಅಮಾತೆಪ್ಪನಿಗೆ ಗೊತ್ತಿದ್ದದ್ದು ಎರಡೇ. ಒಂದು, ಕುಣಿಯಲ್ಲಿ ಕಾಲು ಇಳಿಬಿಟ್ಟು ತುಳಿಯುವ ಮಗ್ಗ. ಇನ್ನೊಂದು, ಹೆಂಡತಿ ಮುತ್ತವ್ವ. ಅವಳಿಗೆ ದಮ್ಮು. ಚಳಿ ಬಿತ್ತೆಂದರೆ ಉಸಿರಿಗಾಗಿ ಒದ್ದಾಡುವಳು. ಇವನು ಲಾಳಿ ಬಿಟ್ಟು, ಚಕ್ಕಡಿ ಹೂಡಿಸಿ ದವಾಖಾನೆಗೆ ಓಡುವನು. ಹಾದಿಯಲ್ಲೇ ಹೋಗಿಬಿಟ್ಟರೆ ಎಂಬ ಹೆದರಿಕೆ ಅವನನ್ನು ಬಿಟ್ಟಿದ್ದೇ ಇಲ್ಲ.

ಎಂಬತ್ತಮೂರನೇ ಇಸವಿಯಲ್ಲಿ ಹುನಗುಂದದ ಡಾಕ್ಟರು, ಮನೆಯಲ್ಲೇ ಇಟ್ಟುಕೊಳ್ಳಿರೆಂದು ಎರಡು ಮಷೀನು ತೋರಿಸಿದರು. ಎರಡೂ ಔಷಧವನ್ನು ಮಂಜು ಮಾಡಿ ಮೂಗಿಗೆ ಕೊಡುವಂಥವೇ. ಒಂದು ಕರೆಂಟಿನದು, ಫಳಫಳ ಡಬ್ಬಿ. ಇನ್ನೊಂದು ಸೈಕಲ್ ಪಂಪಿನ ತಮ್ಮನಂತಿದ್ದ, ಕಾಲಲ್ಲಿ ತುಳಿಯುವಂಥದು. ಹೆಂಡತಿಗೆ ಕಡಿಮೆಯದು ಕೊಡಿಸಿದ ಅನ್ನಿಸಿಕೊಳ್ಳುವ ಗಂಡಸೇ ಅಮಾತೆಪ್ಪ?

"ಡಬ್ಬಿನ ಇರ್ಲಿರಿ ಸಾಹೇಬ್ರ."

"ಬ್ಯಾಡ," ಅಂದಳು ಮುತ್ತವ್ವ. "ಕರೆಂಟ್ ನನ್ನ ಮಾತು ಕೇಳೂದಿಲ್ಲ. ನೀವು ಕೇಳ್ತೀರಿ."

ಡಾಕ್ಟರು ನಕ್ಕುಬಿಟ್ಟರು. ಅಮಾತೆಪ್ಪ ಮುಖ ಊದಿಸಿಕೊಂಡೇ ಪಂಪು ಹಿಡಿದು ಬಸ್ಸು ಹತ್ತಿದ.

ಪಂಪು ಮನೆಗೆ ಬಂದ ಮೇಲೆ ಮೊದಲ ಸಲ ದಮ್ಮು ಎದ್ದಾಗ ಅವನು ಔಷಧ ಸುರಿದು ಪಂಪಿಗೆ ಕಾಲಿಟ್ಟ. ಹುಚ್ಚನಂತೆ ತುಳಿದ. ಪಂಪು ಜಾರಿ ಗೋಡೆಗೆ ಬಡಿಯಿತು. ಮುತ್ತವ್ವ ಮೂಗಿನ ಮೇಲಿನ ರಬ್ಬರ್ ಮುಚ್ಚಳ ಸರಿಸಿ, "ಅವಸರ ಬ್ಯಾಡ್ರಿ... ಸೀರಿ ನೇಯ್ದಂಗ ತುಳೀರಿ," ಅಂದಳು. ಕಾಲಿಗೆ ಗೊತ್ತಿದ್ದ ಕೆಲಸ ಕಾಲಿಗೆ ಸಿಕ್ಕಿತು. ಮಂಜು ಸಮನಾಗಿ ಎದ್ದಿತು, ಅವಳ ಎದೆಯ ಏದುಸಿರು ಇಳಿಯಿತು.

ಎಂಥ ದಿನಗಳವು! ಉಸಿರು ತಿರುಗಿದ್ದೇ ತಡ, ಅವನು ಮಾಡಿದ ಚಹಾಕ್ಕೆ ಸಕ್ಕರೆ ಸುರಿದಿದ್ದಾನೆಂದು ಅವಳ ಜಗಳ ಶುರು. ಆ ಜಗಳ ಕಿವಿಗೆ ಬಿದ್ದರೇ ಅವನಿಗೆ ಹೋದ ಜೀವ ಬಂದಂತಾಗುತ್ತಿತ್ತು.

ಎಂಬತ್ತೆಂಟರಲ್ಲಿ ಮುತ್ತವ್ವ ಕಾಮಾಲೆಯಾಗಿ ತೀರಿಹೋದಳು. ಪಂಪನ್ನು ಅವಳ ಸೀರೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟ ಅಮಾತೆಪ್ಪ, ಕೇಳಿದವರಿಗೆಲ್ಲ ಇಲ್ಲವೆಂದ.

ಒಂದು ಬೆಳಿಗ್ಗೆ, ಮುತ್ತವ್ವನನ್ನು ದವಾಖಾನೆಗೆ ಒಯ್ಯುತ್ತಿದ್ದ ಚಕ್ಕಡಿಯ ಚಮನಸಾಬ ಬಾಗಿಲಲ್ಲಿ ನಿಂತಿದ್ದ. "ಕಾಕಾ, ಅಮ್ಮಗ ದಮ್ಮು ಭಾಳ ಆಗೇತ್ರಿ. ಔಷಧ ಕೊಟ್ಟಾರ, ಪಂಪಿಲ್ಲ."

ಈ ಸಲ ಅಮಾತೆಪ್ಪ ಇಲ್ಲವೆನ್ನದೆ ಟ್ರಂಕು ತೆರೆದ. ಪಂಪು ಹಿಡಿದು ಅವನ ಹಿಂದೆಯೇ ನಡೆದ.

ಚಮನಸಾಬ ಎತ್ತು ಓಡಿಸುವವನ ಹಾಗೆ ತುಳಿದ. ತಾಯಿ ಶಮಶಾದಬಿಯ ಕಣ್ಣು ಮೇಲಾಯಿತು.

"ಅವಸರ ಬ್ಯಾಡೋ. ಸೀರಿ ನೇಯ್ದಂಗ ತುಳಿ."

"ನನಗೆಲ್ಲಿ ಮಗ್ಗ ಗೊತ್ತ ಐತಿ ಕಾಕಾ!"

ಅಮಾತೆಪ್ಪ ಅವನನ್ನು ಸರಿಸಿ ತಾನೇ ಕಾಲಿಟ್ಟ. ಬಹಳ ಹೊತ್ತು ತುಳಿದ. ಶಮಶಾದಬಿ ಮುಚ್ಚಳ ತೆಗೆದು, ಮೊದಲ ಮಾತಿಗೇ ಮಗನನ್ನು ಗದರಿಸಿದಳು: "ಲೇ, ಅಣ್ಣಾರಿಗೆ ಚಾ ಮಾಡೋ!"

"ಸಕ್ರಿ ಕಡಿಮಿ ಹಾಕು," ಅಂದ ಅಮಾತೆಪ್ಪ. ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಕಾಲು ಇನ್ನೂ ತುಳಿಯುತ್ತಲೇ ಇತ್ತು.