ಪರದೇಶದ ಮಾಳಿಗೆ

ರಾಜ್ಯಗಳು ಬೇರೆಯಾದಾಗ ಜಹೀರಾಬಾದ್ ಆಂಧ್ರಕ್ಕೆ ಹೋಯಿತು, ನಾನು ಮೈಸೂರು ರಾಜ್ಯದ ಪಾಲಿಗೆ ಬಂದೆ. ಅದುವರೆಗೆ ಆ ಊರೂ ನಾನೂ ಒಂದೇ ಬೀದರ ಜಿಲ್ಲೆಯವರು. ಗಡಿಯಿಂದ ಈಚೆಗೆ ಸ್ವಲ್ಪವೇ ದೂರದ ಹಳ್ಳಿಯ ಶಾಲೆಯಲ್ಲಿ ನಾನು ಮಾಸ್ತರ. ಸಂತೆಗೆ, ಅರಿವೆಗೆ, ರೈಲಿಗೆ ಎಲ್ಲಕ್ಕೂ ಜಹೀರಾಬಾದಿಗೇ ಹೋಗಿ ಬರುತ್ತಿದ್ದ ನಮ್ಮ ಜನ ಒಂದೆರಡು ವರ್ಷದಲ್ಲೇ ಆ ಊರನ್ನು ‘ಪರದೇಶ’ ಎನ್ನತೊಡಗಿದರು. ಮೊದಲು ಚೇಷ್ಟೆಗೆ ಅಂದರು. ಆಮೇಲೆ ಚೇಷ್ಟೆ ಹೋಯಿತು, ಹೆಸರು ಉಳಿಯಿತು.

ಆ ಪರದೇಶದಲ್ಲಿ ನಾನೊಂದು ಮನೆ ಕೊಂಡೆ. ಮಾರಿದವರು ನನ್ನ ಹಾಗೆಯೇ ಗಡಿಯ ಈಚೆಗೆ ಬಂದ ಒಬ್ಬ ಗುಮಾಸ್ತರು. ಎರಡು ಖೋಲಿ, ಒಂದು ಪಡಸಾಲೆ, ಮೇಲೆ ತೊಲೆಗಳ ಮೇಲೆ ಮಣ್ಣು ಹೊದಿಸಿದ ಸಪಾಟು ಮಾಳಿಗೆ. ನೌಕರಿ ಮುಗಿದ ಮೇಲೆ ಅಲ್ಲಿ ಹೋಗಿ ಇರಬೇಕೆಂಬ ಆಸೆ ನನಗೆ. ಹುಟ್ಟಿದಾಗಿನಿಂದ ಮಂದಿಯ ಮನೆಯಲ್ಲಿ ಬಾಡಿಗೆಗೆ ಇದ್ದವನು ನಾನು. ನನ್ನದು ಅಂತ ನಾಲ್ಕು ಗೋಡೆ ಸಿಕ್ಕಾಗ ತಲೆ ತುಸು ತಿರುಗಿತು ಎಂದರೂ ಸರಿಯೇ.

ಮನೆಯಲ್ಲಿ ಮೊದಲಿಂದ ಬಾಡಿಗೆಗೆ ಇದ್ದ ಹೆಣ್ಣುಮಗಳನ್ನೇ ಮುಂದುವರಿಸಿದೆ. ಹತ್ತಿರದ ನ್ಯಾಲ್ಕಲ್ ಕಡೆಯವಳು. ಗಂಡ ಲಾರಿ ಓಡಿಸುತ್ತಿದ್ದ, ತಿಂಗಳಿಗೆ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಈಕೆ ಪಡಸಾಲೆಯಲ್ಲಿ ಹೊಲಿಗೆ ಮಷೀನು ಇಟ್ಟುಕೊಂಡು ಓಣಿಯ ಹೆಂಗಸರಿಗೆ ಕುಪ್ಪಸ ಹೊಲಿಯುತ್ತಿದ್ದಳು. ಗಿರಾಕಿ ಬಂದಂತೆ ತೆಲುಗು, ಉರ್ದು, ಕನ್ನಡ ಮೂರನ್ನೂ ಒಂದೇ ಉಸಿರಿನಲ್ಲಿ ಆಡುತ್ತಿದ್ದಳು. ನಾನು ಅವಳನ್ನು ‘ತಂಗಿ’ ಎಂದು ಕರೆಯುತ್ತಿದ್ದೆ. ಈಗ ಆ ಮಾತು ನೆನೆದರೆ ನನ್ನ ಬಾಯಿಗೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಮಾಳಿಗೆ ಮನೆಗೆ ವರ್ಷಕ್ಕೊಮ್ಮೆ ಮಣ್ಣು ಹಾಕಬೇಕು. ಮುಂಗಾರಿನ ಮಿರಗದ ಮಳೆ ಬೀಳುವ ಮೊದಲೇ ನೀರು ಇಳಿಯಗೊಡದ ಸವಳು ಮಣ್ಣು ತಂದು ಹರವಿ, ನೀರು ಚಿಮುಕಿಸಿ, ಕಾಲಿನಿಂದ ತುಳಿದು ಗಟ್ಟಿ ಮಾಡಬೇಕು. ಬಿಟ್ಟರೆ ನೀರು ಬಿರುಕು ಹುಡುಕಿಕೊಂಡು ಒಳಗಿಳಿಯುತ್ತದೆ, ಕಟ್ಟಿಗೆ ಕೊಳೆಯುತ್ತದೆ. ಇದು ಮಾಲಕನ ಕೆಲಸ. ಮೊದಲ ಬೇಸಿಗೆ ನಾನು ಹೋಗುವಷ್ಟರಲ್ಲಿ ಅವಳೇ ಸೆರಗು ಕಟ್ಟಿ, ಬುಟ್ಟಿ ಹೊತ್ತು, ಹಾಕಿ ಮುಗಿಸಿದ್ದಳು.

“ನೀವು ಗಡಿ ದಾಟಿ ಯಾವಾಗ ಬರ್ತೀರಿ ಮಾಸ್ತರ್ರೀ? ಮಳಿ ನಿಮ್ಮ ರಜಾ ಕೇಳಿ ಬರ್ತದೇನ್ರಿ?” ಎಂದು ನಕ್ಕಳು.

ಪುಕ್ಕಟೆ ಕೆಲಸವಾಯಿತೆಂದು ನಾನೂ ನಕ್ಕೆ. ಮುಂದಿನ ಎರಡು ವರ್ಷವೂ ಅವಳೇ ಹಾಕಿದಳು.

ಕೆಡಿಸಿದ್ದು ನಮ್ಮ ಶಾಲೆಯ ಇನ್ನೊಬ್ಬ ಮಾಸ್ತರ. ಅಲ್ಲ, ಕೆಟ್ಟವನು ನಾನೇ, ಅವನು ಬರೀ ಮಾತಾಡಿದ. ಒಂದು ದಿನ ಚಹಾ ಕುಡಿಯುತ್ತ, “ಮಾಳಿಗಿಗಿ ಮಣ್ಣ ಯಾರು ಹಾಕ್ತಾರ್ರಿ?” ಎಂದು ಕೇಳಿದ. ಹೇಳಿದೆ. ಅವನು ಕಪ್ಪು ಕೆಳಗಿಟ್ಟ. “ಮುಗೀತು ಬಿಡ್ರಿ. ನಾಳಿ ಓಣಿ ಮಂದಿ ಎಲ್ಲಾ ಆಕಿ ಕಡಿ ಸಾಕ್ಷಿ ಹೇಳ್ತಾರ. ಮಣ್ಣ ಹಾಕಿದಾಕಿ ಆಕಿ, ಮನಿ ಆಕೀದೇ ಅಂತಾರ. ಅದು ಪರದೇಶ, ಅಲ್ಲಿ ನಿಮ್ಮ ಮಾತು ಯಾರು ಕೇಳ್ತಾರ್ರಿ?”

ಅಂದಿನಿಂದ ನನಗೆ ನಿದ್ದೆ ಹತ್ತಲಿಲ್ಲ. ಅವಳು ನಕ್ಕದ್ದು, ಕೇಳದೆ ಕೆಲಸ ಮಾಡಿದ್ದು, ಎಲ್ಲದರ ಹಿಂದೆ ಹುನ್ನಾರ ಕಾಣತೊಡಗಿತು. ಆಯಿತವಾರ ಜಹೀರಾಬಾದಿಗೆ ಹೋದೆ. ಎದುರು ಮನೆಯಾತನನ್ನೂ ಪಕ್ಕದ ಮನೆಯ ಮುದುಕಿಯನ್ನೂ ಕರೆಸಿ, ಅವರ ಮುಂದೆ ಅವಳಿಂದ ಮಾತು ತೆಗೆದುಕೊಂಡೆ.

“ಈ ಮನಿ ನಿಂದಲ್ಲ. ನಾ ಹೇಳೂತನಕ ಮಾಳಿಗಿ ಮ್ಯಾಲ ಕಾಲ ಇಡಂಗಿಲ್ಲ. ಒಂದು ಬುಟ್ಟಿ ಮಣ್ಣೂ ಹಾಕಂಗಿಲ್ಲ.”

ಅವಳ ಬಾಯಲ್ಲಿ ದಾರದ ತುಂಡು ಇತ್ತು. ಅದನ್ನು ತೆಗೆದು ಹಿಡಿದುಕೊಂಡು ನನ್ನನ್ನೇ ನೋಡಿದಳು. “ನಾ ಸೋರ್ತದಂತ ಹಾಕೀನ್ರಿ,” ಎಂದಳು.

“ಹಾಕಬ್ಯಾಡ.”

“ಆತ್ರಿ. ಹತ್ತಂಗಿಲ್ರಿ.”

ಮಳೆಗಾಲದ ಮುಂಚೆ ಅವಳಿಂದ ಕಾರ್ಡು ಬಂತು. ಶಾಲೆಯ ಮಕ್ಕಳ ಹಾಗೆ ದುಂಡಗಿನ ಕನ್ನಡ ಅಕ್ಷರ. ಮಣ್ಣು ಹಾಕುವ ದಿನ ಬಂತು, ನೀವು ಬರುತ್ತೀರೋ, ಆಳು ಹಚ್ಚಲೋ ಎಂದು ಕೇಳಿದ್ದಳು. ನಾನು ಹೋಗಲಿಲ್ಲ, ಉತ್ತರವನ್ನೂ ಬರೆಯಲಿಲ್ಲ. ಸೋರಲಿ, ಬೇಸತ್ತು ತಾನಾಗಿಯೇ ಬಿಟ್ಟು ಹೋಗಲಿ ಎಂಬುದು ನನ್ನ ಲೆಕ್ಕ. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಆ ಮಳೆಗಾಲವೆಲ್ಲ ಅವಳು ಮಷೀನನ್ನು ಮೂಲೆಯಿಂದ ಮೂಲೆಗೆ ಸರಿಸುತ್ತ, ಸೋರುವಲ್ಲೆಲ್ಲ ಪಾತ್ರೆ ಇಟ್ಟು ಕಳೆದಳಂತೆ. ಬಿಟ್ಟು ಮಾತ್ರ ಹೋಗಲಿಲ್ಲ. ಎಲ್ಲಿಗೆ ಹೋಗಬೇಕಿತ್ತು? ಗಿರಾಕಿಗಳೆಲ್ಲ ಆ ಓಣಿಯವರೇ.

ಮರುವರ್ಷ ಎರಡನೆಯ ಕಾರ್ಡು. ಪಡಸಾಲೆಯ ತೊಲೆ ಬಾಗಿದೆ, ಗೆದ್ದಲು ಹತ್ತಿದೆ, ದಯವಿಟ್ಟು ಒಮ್ಮೆ ಬಂದು ನೋಡಿರಿ ಎಂದಿತ್ತು. ಮನೆ ಕೆಟ್ಟಿದೆ ಎಂದು ನನ್ನನ್ನು ಹೆದರಿಸಿ ಅಗ್ಗಕ್ಕೆ ಬರೆಸಿಕೊಳ್ಳುವ ಆಟವೆಂದು ತಿಳಿದು, ಕಾರ್ಡನ್ನು ಹಾಜರಿ ಪುಸ್ತಕದೊಳಗೆ ಇಟ್ಟುಬಿಟ್ಟೆ.

ಶ್ರಾವಣದಲ್ಲಿ ಮೂರು ದಿನ ಬಿಡದೆ ಜಡಿಮಳೆ ಹಿಡಿಯಿತು. ನಾಲ್ಕನೆಯ ದಿನ ಆ ಕಡೆಯಿಂದ ಬಂದ ಜೀಪಿನ ಡ್ರೈವರ ಶಾಲೆಯ ಮುಂದೆ ನಿಲ್ಲಿಸಿ, “ಮಾಸ್ತರ್ರೀ, ಮೊನ್ನಿ ರಾತ್ರಿ ನಿಮ್ಮ ಮನಿ ಬಿದ್ದದ” ಎಂದ. ಅದೇ ಜೀಪಿನಲ್ಲಿ ಹೊರಟೆ. ದಾರಿಯುದ್ದಕ್ಕೂ ನಾನು ಯೋಚಿಸಿದ್ದು ಗೋಡೆ ನಿಂತಿದೆಯೋ ಇಲ್ಲವೋ ಎಂದು. ಒಳಗೆ ಒಬ್ಬಳು ಇದ್ದಳೆಂಬುದು ಗಡಿಯಾಚೆಯ ಮೊಗುಡಂಪಲ್ಲಿ ದಾಟಿದರೂ ನನ್ನ ತಲೆಗೆ ಬರಲಿಲ್ಲ.

ಪಡಸಾಲೆ ಪೂರ್ತಿ ಕುಸಿದಿತ್ತು. ಮಣ್ಣಿನಡಿಯಿಂದ ಮಷೀನಿನ ಚಕ್ರ ಅರ್ಧ ಕಾಣುತ್ತಿತ್ತು. ಅವಳು ಎದುರು ಮನೆಯ ಕಟ್ಟೆಯ ಮೇಲೆ ಕುಳಿತಿದ್ದಳು. ಬಲಗೈಯನ್ನು ಮೊಣಕೈತನಕ ಬಟ್ಟೆಯಲ್ಲಿ ಸುತ್ತಿ ಕೊರಳಿಗೆ ಕಟ್ಟಿದ್ದರು. ಬಟ್ಟೆಯ ತುದಿ ಬೆರಳಿರಬೇಕಾದ ಕಡೆ ಚಪ್ಪಟೆಯಾಗಿತ್ತು. ದವಾಖಾನೆಯಲ್ಲಿ ಮೂರು ಬೆರಳು ತೆಗೆದರೆಂದು ಪಕ್ಕದ ಮುದುಕಿ ಹೇಳಿದಳು.

ನಾನು ಅವಳ ಹತ್ತಿರ ಹೋಗಲಿಲ್ಲ. ಮೊದಲು ಗೋಡೆಯ ಸುತ್ತ ಹೋಗಿ ನೋಡಿ ಬಂದೆ. ಬಂದವನು ಅವಳನ್ನು ಕೇಳಿದ್ದು, “ತೊಲಿ ಒಂದೇ ಮುರದದೋ, ಒಳಗಿನ ಖೋಲೀದೂ ಹೋಗ್ಯದೋ?” ಎಂದು.

ಅವಳು ಎದ್ದು ನಿಂತಳು. ಸೆರಗನ್ನು ಎಡಗೈಯಿಂದ ತಲೆಯ ಮೇಲೆ ಎಳೆದುಕೊಳ್ಳಲು ಹೋದಳು, ಕೊರಳಿಗೆ ಕಟ್ಟಿದ ಬಟ್ಟೆಯಡಿ ಸಿಕ್ಕಿ ಬರಲಿಲ್ಲ.

“ನಾ ಮಾಳಿಗಿ ಹತ್ತಿಲ್ರಿ ಮಾಸ್ತರ್ರೀ,” ಎಂದಳು. “ಕೊಟ್ಟ ಮಾತು ತಪ್ಪಿಲ್ಲ. ಬೇಕಾದ್ರ ಓಣಿ ಮಂದೀನ ಕೇಳ್ರಿ.”

ನಾನು ಎದುರು ಮನೆಯಾತನ ಕಡೆ ತಿರುಗಿದೆ. ಅವಳ ಮುಂದೆಯೇ, ಅವಳು ಹೇಳಿದ್ದು ನಿಜವೇ ಎಂದು ಅವನನ್ನು ಕೇಳಿದೆ.